ಗಣ, ಸಮೂಹ, ಮಾತೃಕೆ: ಉಚ್ಚಗಣಿತದ ಕನ್ನಡವನ್ನು ಕುರಿತ ಒಂದು ವಿಮರ್ಶೆ

೧. ವಿಷಯಪ್ರವೇಶ

ಮಂಡ್ಯ, ಮದ್ದೂರು, ಮಳವಳ್ಳಿ ಎಂಬ ಮೂರು ತಾಲ್ಲೂಕುಗಳ ಹಳ್ಳಿಗಳಲ್ಲಿ ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿಯೇ ಗಣಿತವನ್ನೋದಿದ ವಿದ್ಯಾರ್ಥಿಗಳು ಅನೇಕರುಂಟು. ಅವರಲ್ಲಿ ಕೆಲವರು ಮುಂದೆ ಮಂಡ್ಯದ ಕಾಲೇಜುಗಳಲ್ಲಿ ಬಿ.ಎಸ್‌ಸಿ. ಪದವಿಗೂ, ಅನಂತರ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಎಂ.ಎಸ್‌ಸಿ. ಪದವಿಗೂ ಗಣಿತವನ್ನೇ ಆರಿಸಿಕೊಳ್ಳುತ್ತಾರೆ. ಅಲ್ಲಿ ಅವರಿಗೆ ಎದುರಾಗುವ ಶಾಸ್ತ್ರಗಳಲ್ಲಿ ಎರಡು ಮುಖ್ಯವಾದುವು. ಒಂದು ಗ್ರೂಪ್ ಥಿಯರಿ. ಇನ್ನೊಂದು ಲೀನಿಯರ್ ಆಲ್ಜಿಬ್ರಾ. ಇವುಗಳಲ್ಲಿ ಲೆಕ್ಕ ಮಾಡುವ ಕೆಲಸಕ್ಕಿಂತ ಲಕ್ಷಣವನ್ನು ಹೇಳುವ ಕೆಲಸವೂ ಉಪಪತ್ತಿಯನ್ನು ನಡಸುವ ಕೆಲಸವೂ ಹೆಚ್ಚು. ವಿದ್ಯಾರ್ಥಿಯು ಇಂಗ್ಲಿಷಿನ ಲಕ್ಷಣವಾಕ್ಯವನ್ನು ಕಂಠಪಾಠ ಮಾಡುತ್ತಾನೆ. ಪರೀಕ್ಷೆಯಲ್ಲಿ ತಪ್ಪಿಲ್ಲದೆ ಬರೆಯಲೂ ಬಲ್ಲನು. ಆದರೆ ಅದರ ಅರ್ಥವನ್ನು ತನ್ನ ಮಾತಿನಲ್ಲಿ ಹೇಳೆಂದರೆ ಮೌನವಹಿಸುತ್ತಾನೆ. ಹತ್ತು ವರ್ಷ ತನ್ನೊಡನಿದ್ದ ಭಾಷೆ ಈ ಹೊಸ್ತಿಲಲ್ಲಿ ಹಿಂದೆ ನಿಂತಿತೆಂದೂ, ಇಲ್ಲಿಂದ ಮುಂದೆ ವಿಚಾರವೆಂಬುದೇ ಪರಭಾಷೆಯ ಸೊತ್ತೆಂದೂ ಅವನು ನಂಬುತ್ತಾನೆ. ಇದರಿಂದ ವಿದ್ಯಾರ್ಥಿಗೆ ಶಾಸ್ತ್ರದ ಪ್ರವೇಶ ಕಷ್ಟವಾಗುತ್ತದೆ. ಕನ್ನಡಕ್ಕೆ ಒಬ್ಬ ಶಾಸ್ತ್ರಜ್ಞನ ಗದ್ಯ ನಷ್ಟವಾಗುತ್ತದೆ.

ಈ ವಿಷಯದಲ್ಲಿ ಎರಡು ಪೂರ್ವಪಕ್ಷಗಳು ಕೇಳಿಬರುತ್ತವೆ. ಕನ್ನಡದಲ್ಲಿ ಇದಕ್ಕೆ ತಕ್ಕ ಪದಗಳಿಲ್ಲವಾದ ಕಾರಣ ಈ ಪ್ರಯತ್ನವೇ ವ್ಯರ್ಥವೆಂಬುದು ಮೊದಲನೆಯದು. ಇವೆಲ್ಲವೂ ನಮ್ಮ ಪೂರ್ವಿಕರಿಗೆ ತಿಳಿದೇ ಇದ್ದುವು, ಹೊಸದಾಗಿ ಕಲಿಯತಕ್ಕದ್ದೇನೂ ಇಲ್ಲವೆಂಬುದು ಎರಡನೆಯದು. ಮೊದಲನೆಯದು ಅಧೈರ್ಯದ ಮಾತು, ಎರಡನೆಯದು ಅಹಂಕಾರದ ಮಾತು. ಇವೆರಡನ್ನೂ ಪರೀಕ್ಷಿಸಿದರೆ, ಇಂದಿನ ಕೊರತೆಯು ಪದಗಳದ್ದಲ್ಲ, ಲಕ್ಷಣವಾಕ್ಯಗಳದ್ದು ಎಂಬುದು ಸ್ಪಷ್ಟವಾಗುವುದು. ಆದಕಾರಣ ಇದು ಗಣಿತಾಧ್ಯಾಪಕರಿಗೆ ಮಾತ್ರ ಸೇರಿದ ವಿಷಯವಲ್ಲ. ಭಾಷೆಯ ಗುಣದೋಷಗಳನ್ನು ಬಲ್ಲ ಸಾಹಿತ್ಯಾಧ್ಯಾಪಕರಿಗೂ ಸೇರಿದುದು.

೨. ಪರಂಪರೆ

ಕನ್ನಡನಾಡಿಗೆ ಗಣಿತವು ಹೊಸದಲ್ಲ. ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ೯ನೆಯ ಶತಮಾನದ ಮಧ್ಯದಲ್ಲಿ, ಮಹಾವೀರಾಚಾರ್ಯನು ‘ಗಣಿತಸಾರಸಂಗ್ರಹ’ವನ್ನು ಸಂಸ್ಕೃತದಲ್ಲಿ ರಚಿಸಿದನು. ೧೨ನೆಯ ಶತಮಾನದಲ್ಲಿ ರಾಜಾದಿತ್ಯನು ಕನ್ನಡದಲ್ಲಿಯೇ ‘ವ್ಯವಹಾರಗಣಿತ’, ‘ಕ್ಷೇತ್ರಗಣಿತ’, ‘ಚಿತ್ರಹಸುಗೆ’ ಮೊದಲಾದ ಗ್ರಂಥಗಳನ್ನು ಬರೆದನು. ಈ ಕವಿಯ ವಿಚಾರವನ್ನು ಆಧುನಿಕ ವಾಚಕರಿಗೆ ‘ಕರ್ಣಾಟಕ ಕವಿಚರಿತೆ’ಯ ಮೂಲಕ ತಿಳಿಸಿದವರು ಶ್ರೀರಂಗಪಟ್ಟಣದ ಬಳಿಯ ಕೊಪ್ಪಲಿನಲ್ಲಿ ೧೮೬೦ರಲ್ಲಿ ಜನಿಸಿದ ರಾ. ನರಸಿಂಹಾಚಾರ್ಯರು. ಇಂದಿನ ಮಂಡ್ಯ ಜಿಲ್ಲೆಯ ನೆಲದಲ್ಲಿ ಹುಟ್ಟಿದ ವಿದ್ವಾಂಸರೊಬ್ಬರು ಕನ್ನಡದ ಗಣಿತಕವಿಯನ್ನು ಬೆಳಕಿಗೆ ತಂದುದು ಸ್ಮರಣೀಯವಾದ ಸಂಗತಿ.

ರಾಜಾದಿತ್ಯನಿಂದ ಗ್ರಹಿಸತಕ್ಕದ್ದು ಯಾವುದು, ಬಿಡತಕ್ಕದ್ದು ಯಾವುದು ಎಂಬುದನ್ನು ವಿವೇಚಿಸಬೇಕು. ಸೂತ್ರವನ್ನು ಹೇಳಿ, ಟೀಕೆಯಿಂದ ಬಿಡಿಸಿ, ಉದಾಹರಣೆಯಿಂದ ನಿಲ್ಲಿಸುವ ಕ್ರಮವು ಅವನ ಪರಂಪರೆಯ ದೊಡ್ಡ ಗುಣ. ಇಂದಿನ ಎಷ್ಟೋ ಪಠ್ಯಗಳಲ್ಲಿ ಸೂತ್ರವುಂಟು, ಉದಾಹರಣೆಯುಂಟು. ನಡುವಣ ಟೀಕೆ ಮಾತ್ರ ಇಲ್ಲ. ಆದರೆ ಆ ಗ್ರಂಥಗಳ ಪ್ರಯೋಜನ ವ್ಯವಹಾರ: ಕ್ರಯವಿಕ್ರಯ, ಬಡ್ಡಿ, ಹೊಲಗದ್ದೆಗಳ ಅಳತೆ. ವಿಶ್ವವಿದ್ಯಾನಿಲಯದ ಗಣಿತಕ್ಕೆ ಬೇಕಾದುದು ವಿಧಿಯಲ್ಲ, ಉಪಪತ್ತಿ. ಹೀಗೆ ಮಾಡು ಎಂಬುದಲ್ಲ, ಹೀಗೇಕೆ ಎಂಬುದು. ಪದ್ಯದ ಬಿಗಿಯಲ್ಲಿ ವಿಧಿ ನಿಲ್ಲಬಹುದು; ಉಪಪತ್ತಿಗೆ ಗದ್ಯವೇ ಬೇಕು.

ಆ ಗದ್ಯದ ಪ್ರಯತ್ನವೂ ಕನ್ನಡದಲ್ಲಿ ನಡೆದಿದೆ. ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೂ ೧೯೧೮ರಲ್ಲಿ ‘ವಿಜ್ಞಾನ’ ಎಂಬ ಮಾಸಪತ್ರಿಕೆಯನ್ನು ಹೊರಡಿಸಿದರು. ಅದು ಬಾಳಿದುದು ಅಲ್ಪಕಾಲವಾದರೂ ಶಾಸ್ತ್ರಗದ್ಯವು ಕನ್ನಡದಲ್ಲಿ ಸಾಧ್ಯವೆಂಬುದನ್ನು ತೋರಿಸಿತು. ಕುವೆಂಪು ಅವರು ೧೯೫೬ರಿಂದ ೧೯೬೦ರವರೆಗೆ ಮೈಸೂರು ವಿಶ್ವವಿದ್ಯಾನಿಲಯದ ಕುಲಪತಿಗಳಾಗಿದ್ದಾಗ ಪದವಿತರಗತಿಗಳಲ್ಲಿ ಕನ್ನಡವನ್ನು ಬೋಧನಮಾಧ್ಯಮವಾಗಿ ತರಲು ಯತ್ನಿಸಿದರು. ದಾರಿ ತೆರೆದಿತ್ತು; ಗಣಿತದಲ್ಲಿ ಅದರ ಮೇಲೆ ನಡೆದವರು ವಿರಳ.

೩. ಪದಗಳ ಪರೀಕ್ಷೆ

ಪದಗಳಿಲ್ಲವೆಂಬ ಪೂರ್ವಪಕ್ಷವು ನಿಲ್ಲುವಂಥದಲ್ಲ. ಗಣ, ಗಣಾಂಶ, ಪರಿವರ್ತನೀಯ ನಿಯಮ, ಸಹವರ್ತನೀಯ ನಿಯಮ, ಅನನ್ಯತಾಂಶ, ವಿಲೋಮ, ಸದಿಶ, ಮಾತೃಕೆ, ನಿರ್ಧಾರಕ ಎಂಬ ಪದಗಳು ಕನ್ನಡದ ಗಣಿತಪಠ್ಯಗಳಲ್ಲಿ ಈಗಾಗಲೇ ಬಳಕೆಯಾಗಿವೆ. ಇವು ಎಲ್ಲವೂ ನಿರ್ದುಷ್ಟವೇ ಎಂಬುದು ಬೇರೆಯ ಪ್ರಶ್ನೆ. ಶಬ್ದವು ಅವಯವಾರ್ಥದಿಂದ ಬೋಧಿಸಿದರೆ ಯೌಗಿಕ, ಸಂಕೇತಮಾತ್ರದಿಂದ ಬೋಧಿಸಿದರೆ ರೂಢ, ಎರಡೂ ಕೂಡಿದರೆ ಯೋಗರೂಢ ಎಂಬ ಪ್ರಾಚೀನರ ವಿಭಾಗವು ಇಲ್ಲಿ ಒಳ್ಳೆಯ ಒರೆಗಲ್ಲು.

‘ಮಾತೃಕೆ’ ಈ ಒರೆಗೆ ಚೆನ್ನಾಗಿ ನಿಲ್ಲುತ್ತದೆ. ಸಿಲ್ವೆಸ್ಟರನು ೧೮೫೦ರಲ್ಲಿ ‘ಮೇಟ್ರಿಕ್ಸ್’ ಎಂಬ ಹೆಸರನ್ನಿಟ್ಟುದು ಅದರ ಲ್ಯಾಟಿನ್ ಮೂಲಾರ್ಥವಾದ ಗರ್ಭವನ್ನು ಮನಸ್ಸಿನಲ್ಲಿಟ್ಟುಕೊಂಡು. ಆ ಚೌಕಸಾಲಿನಿಂದ ನಿರ್ಧಾರಕಗಳು ಹುಟ್ಟುವುದರಿಂದ ಅದು ಅವಕ್ಕೆ ತಾಯಿ. ಮಾತೃಕೆಯೆಂಬುದರಲ್ಲಿ ಆ ತಾಯ್ತನ ಉಳಿದಿದೆ. ಅಕ್ಷರಮಾಲೆಗೂ ಮಾತೃಕೆಯೆಂಬ ಹೆಸರಿರುವುದರಿಂದ ಸಾಲುಗೂಡಿಸಿ ನಿಲ್ಲಿಸಿದ ಚಿಹ್ನೆಗಳೆಂಬ ಧ್ವನಿಯೂ ದೊರೆಯುತ್ತದೆ.

‘ಸದಿಶ’ಕ್ಕೆ ಅವ್ಯಾಪ್ತಿದೋಷವುಂಟು. ದಿಕ್ಕುಳ್ಳದ್ದು ಎಂಬ ಅರ್ಥವು ಬಲ, ವೇಗಗಳಿಗೆ ಒಪ್ಪುತ್ತದೆ. ಆದರೆ ರೇಖಾತ್ಮಕ ಬೀಜಗಣಿತದಲ್ಲಿ ಬಹುಪದೋಕ್ತಿಯೂ ಸದಿಶವೇ, ಅದಕ್ಕೆ ದಿಕ್ಕೆಲ್ಲಿಯದು? ಹಾಗೆಂದು ಪದವನ್ನು ತ್ಯಜಿಸಬೇಕಾಗಿಲ್ಲ. ಎಳ್ಳಿನ ಸಾರಕ್ಕೆ ಹುಟ್ಟಿದ ‘ಎಣ್ಣೆ’ಯೆಂಬ ಮಾತು ತೆಂಗಿನೆಣ್ಣೆ, ಹರಳೆಣ್ಣೆಗಳಿಗೂ ಸಲ್ಲುವಂತೆ ರೂಢಿಯು ಅರ್ಥವನ್ನು ಹಿಗ್ಗಿಸಬಲ್ಲದು. ಇಲ್ಲಿ ಹಿಗ್ಗಿದೆಯೆಂದು ಅಧ್ಯಾಪಕನು ಒಮ್ಮೆ ಎಚ್ಚರಿಸಿದರೆ ಸಾಕು.

‘ಅನನ್ಯತಾಂಶ’ದ ದೋಷ ಇದಕ್ಕಿಂತ ತೀವ್ರವಾದುದು. ಇನ್ನೊಂದನ್ನು ಕೂಡಿದರೂ ಅದನ್ನು ಬದಲಾಯಿಸದ ಗಣಾಂಶಕ್ಕೆ ಈ ಹೆಸರು. ಆದರೆ ಇಂದಿನ ಕನ್ನಡದಲ್ಲಿ ‘ಅನನ್ಯ’ವೆಂದರೆ ತನ್ನಂತೆ ಇನ್ನೊಂದಿಲ್ಲದ್ದು ಎಂಬ ಅರ್ಥವೇ ಪ್ರಸಿದ್ಧ. ಸಮೂಹಶಾಸ್ತ್ರದ ಮೊದಲ ಪ್ರಮೇಯಗಳಲ್ಲೊಂದು ಇಂಥ ಗಣಾಂಶವು ಒಂದೇ ಇರುತ್ತದೆಂಬುದು. ಅದನ್ನು ಈ ಪದದಿಂದ ಹೇಳಿದರೆ ‘ಅನನ್ಯತಾಂಶವು ಅನನ್ಯ’ ಎಂದಾಗಿ, ಸಾಧಿಸಬೇಕಾದುದು ಹೆಸರಿನಲ್ಲಿಯೇ ಸಿದ್ಧವಾದಂತೆ ಭ್ರಾಂತಿ ಹುಟ್ಟುತ್ತದೆ. ವಿದ್ಯಾರ್ಥಿಗೆ ಉಪಪತ್ತಿಯೇ ಅನಾವಶ್ಯಕವೆಂದು ತೋರುತ್ತದೆ. ‘ತಟಸ್ಥಾಂಶ’ವೆಂದರೆ ಈ ತೊಡಕಿಲ್ಲ. ‘ಪರಿವರ್ತನೀಯ’ಕ್ಕೂ ಇಂಥದೇ ಆಕ್ಷೇಪವುಂಟು. ಬದಲಾಗತಕ್ಕದ್ದು ಎಂಬಷ್ಟೇ ಅದರ ಅವಯವಾರ್ಥ. ಇಲ್ಲಿ ಬದಲಾಗುವುದು ಕ್ರಮ, ಬದಲಾಗದಿರುವುದು ಫಲ. ಹಿಂದಿಯಲ್ಲಿ ರೂಢವಾದ ‘ಕ್ರಮವಿನಿಮೇಯ’ವು ಇದಕ್ಕಿಂತ ಸ್ಪಷ್ಟ.

ಇನ್ನು ಗ್ರೂಪಿಗೆ ಏನೆನ್ನಬೇಕು? ‘ಗಣ’ವು ಸೆಟ್ಟಿಗೆ ಸಂದುಹೋಗಿದೆ. ಹಿಂದಿಯವರು ಗ್ರೂಪಿಗೆ ‘ಸಮೂಹ’ವೆನ್ನುತ್ತಾರೆ. ಲೋಕದಲ್ಲಿ ಗಣವೆಂದರೂ ಸಮೂಹವೆಂದರೂ ಗುಂಪೆಂದೇ ಅರ್ಥ. ಒಂದಕ್ಕೆ ಕ್ರಿಯೆಯುಂಟು, ಇನ್ನೊಂದಕ್ಕಿಲ್ಲವೆಂಬ ಭೇದವು ಪದದಿಂದ ತಿಳಿಯದು. ಆದರೆ ಇದು ಕನ್ನಡದ ದೋಷವಲ್ಲ. ೧೮೩೨ರಲ್ಲಿ ಇಪ್ಪತ್ತನೆಯ ವಯಸ್ಸಿನಲ್ಲಿ ಮಡಿದ ಗಾಲ್ವಾನು ಫ್ರೆಂಚಿನಲ್ಲಿ ಬಳಸಿದ ‘ಗ್ರೂಪ್’ ಎಂಬುದಕ್ಕೂ ಗುಂಪೆಂದೇ ಅರ್ಥ. ೧೮೫೪ರಲ್ಲಿ ಕೇಲಿಯು ಅದಕ್ಕೆ ಸಾಮಾನ್ಯಲಕ್ಷಣವನ್ನು ಹೇಳಲು ಯತ್ನಿಸಿದನು. ಅದು ನೆಲೆಗೊಂಡ ಮೇಲೆ ಹಳೆಯ ಪದವೇ ಹೊಸ ಅರ್ಥವನ್ನು ಹೊತ್ತಿತು. ಆದುದರಿಂದ ಸಮೂಹವೆಂದರೂ ಸರಿ, ಗ್ರೂಪು ಎಂದೇ ಉಳಿಸಿಕೊಂಡರೂ ಸರಿ. ಅರ್ಥವನ್ನು ಹೊರಬೇಕಾದುದು ಲಕ್ಷಣವಾಕ್ಯ.

೪. ಲಕ್ಷಣವಾಕ್ಯ

ಸಮೂಹದ ಲಕ್ಷಣ ಹೀಗೆ: ಒಂದು ಗಣವಿರಬೇಕು, ಅದರ ಯಾವ ಎರಡು ಗಣಾಂಶಗಳನ್ನು ಕೂಡಿಸಿದರೂ ಫಲವು ಆ ಗಣದಲ್ಲಿಯೇ ಬೀಳುವಂಥ ಕ್ರಿಯೆಯಿರಬೇಕು, ಮೂರನ್ನು ಕೂಡಿಸುವಾಗ ಮೊದಲೆರಡನ್ನು ಮುಂಚೆ ಕೂಡಿಸಿದರೂ ಕಡೆಯೆರಡನ್ನು ಮುಂಚೆ ಕೂಡಿಸಿದರೂ ಫಲ ಒಂದೇ ಆಗಬೇಕು, ಎಲ್ಲಕ್ಕೂ ಸಲ್ಲುವ ಒಂದೇ ತಟಸ್ಥಾಂಶವಿರಬೇಕು, ಒಂದೊಂದಕ್ಕೂ ತನ್ನತನ್ನದೇ ಆದ ಒಂದೊಂದು ವಿಲೋಮವಿರಬೇಕು.

ಕಡೆಯ ಎರಡು ವಾಕ್ಯಗಳಲ್ಲಿಯೇ ವಿದ್ಯಾರ್ಥಿಗಳು ಹೆಚ್ಚಾಗಿ ಎಡವುವುದು. ಇಂಗ್ಲಿಷಿನಲ್ಲಿ ‘ಒಂದು ಉಂಟು’ ಎಂಬ ಮಾತು ‘ಪ್ರತಿಯೊಂದಕ್ಕೂ’ ಎಂಬುದಕ್ಕೆ ಮೊದಲು ಬಂದಿತೋ ಅನಂತರ ಬಂದಿತೋ ಎಂಬ ಪದಕ್ರಮದಿಂದ ಭೇದವನ್ನು ಗ್ರಹಿಸಬೇಕು. ಕ್ರಮ ತಿರುಗಿದರೆ ಪ್ರತಿಯೊಂದಕ್ಕೂ ಬೇರೆಬೇರೆ ತಟಸ್ಥಾಂಶವಿರಬಹುದೆಂಬ ವಿಪರೀತಾರ್ಥ ಬರುತ್ತದೆ. ಕನ್ನಡವಾದರೋ ಇದನ್ನು ಪದದ ರೂಪದಲ್ಲಿಯೇ ಹೇಳುತ್ತದೆ. ಅವಧಾರಣೆಯ ಏಕಾರದಿಂದ ‘ಒಂದೇ’; ದ್ವಿರುಕ್ತಿಯಿಂದ ‘ಒಂದೊಂದು’. ಊರಿಗೆಲ್ಲ ಒಂದೇ ಕೆರೆ, ಮನೆಗೊಂದೊಂದು ಬಾವಿ ಎಂದರೆ ಯಾವ ಮಗುವಿಗೂ ಸಂಶಯವಿಲ್ಲ. ಉಚ್ಚಗಣಿತದಲ್ಲಿ ಅತ್ಯಂತ ಸೂಕ್ಷ್ಮವೆನಿಸಿದ ಭೇದವೊಂದಕ್ಕೆ ಕನ್ನಡದ ವ್ಯಾಕರಣದಲ್ಲಿಯೇ ಉಪಕರಣ ಸಿದ್ಧವಾಗಿರುವಾಗ ಭಾಷೆ ಅಸಮರ್ಥವೆನ್ನುವುದು ಪರೀಕ್ಷೆಯಿಲ್ಲದ ಮಾತು.

ನಿಯಮವನ್ನು ಬಿಗಿಯಾಗಿ ಹೇಳುವ ಗದ್ಯವೂ ಈ ನಾಡಿಗೆ ಹೊಸದಲ್ಲ. ಮದ್ದೂರು ತಾಲ್ಲೂಕಿನ ಆತಕೂರಿನ ಶಿಲಾಶಾಸನವು ಕ್ರಿ. ಶ. ೯೪೯-೫೦ರ ಕಾಲದ್ದು. ಹಂದಿಯೊಡನೆ ಹೋರಾಡಿ ಸತ್ತ ಕಾಳಿಯೆಂಬ ನಾಯಿಗೆ ಕಲ್ಲು ನಿಲ್ಲಿಸಿ, ಆ ಕಲ್ಲಿಗೆ ಪೂಜೆ ಸಲ್ಲಿಸದೆ ಉಣ್ಣುವ ಗೊರವನಿಗೆ ಪಾಪವೆಂದು ಅದು ವಿಧಿಸುತ್ತದೆ. ಯಾರು, ಯಾವುದನ್ನು ಮಾಡದಿದ್ದರೆ, ಏನಾಗುತ್ತದೆ ಎಂಬ ಮೂರಂಗಗಳೂ ಅಲ್ಲುಂಟು. ಗಣಿತದ ನಿಬಂಧನವಾಕ್ಯದ ಕಟ್ಟಡವೂ ಇದೇ.

ಮೂರನ್ನು ಕೂಡಿಸುವ ನಿಯಮವು ಏಕೆ ಬೇಕೆಂಬುದನ್ನು ಸಾಹಿತ್ಯಾಧ್ಯಾಪಕರು ಸಮಾಸದಿಂದ ತೋರಿಸಬಹುದು. ಹೊಸ, ಕನ್ನಡ, ಪಾಠ ಎಂಬ ಮೂರು ಪದಗಳುಂಟು. ಮೊದಲೆರಡನ್ನು ಮುಂಚೆ ಕೂಡಿಸಿದರೆ ಹೊಸಗನ್ನಡದ ಪಾಠ. ಕಡೆಯೆರಡನ್ನು ಮುಂಚೆ ಕೂಡಿಸಿದರೆ ಹೊಸದಾದ ಕನ್ನಡಪಾಠ. ಹಳಗನ್ನಡ ಕಾವ್ಯದ ಪಾಠವು ಎರಡನೆಯದಾಗಬಹುದು, ಮೊದಲನೆಯದಾಗಲಾರದು. ಅರ್ಥದೃಷ್ಟಿಯಿಂದ ಸಮಾಸಕ್ರಿಯೆಗೆ ಸಹವರ್ತನೀಯ ಗುಣವಿಲ್ಲವೆಂದಾಯಿತು. ನಿಯಮವು ತಪ್ಪುವ ಎಡೆಯನ್ನು ಕಂಡವನಿಗೆ ಅದು ನಿಲ್ಲುವ ಎಡೆಯ ಬೆಲೆ ತಿಳಿಯುತ್ತದೆ.

೫. ಛಂದಸ್ಸಿನ ನಿದರ್ಶನ

ಲಕ್ಷಣಕ್ಕೆ ಲಕ್ಷ್ಯ ಬೇಕು. ಸಾಹಿತ್ಯವನ್ನೋದಿದ ಎಲ್ಲರೂ ಬಲ್ಲ ಎಂಟು ಅಕ್ಷರಗಣಗಳನ್ನೇ ತೆಗೆದುಕೊಳ್ಳಬಹುದು. ಇಲ್ಲಿ ‘ಗಣ’ವೆಂದರೆ ಛಂದಸ್ಸಿನ ಮೂರಕ್ಷರದ ಗಣ, ಅಂಥ ಎಂಟೂ ಸೇರಿ ಗಣಿತದ ಒಂದು ಗಣ. ಅವುಗಳನ್ನು ಕೂಡಿಸಲು ಒಂದು ಕ್ರಿಯೆಯನ್ನು ಕಲ್ಪಿಸೋಣ: ಎರಡು ಗಣಗಳನ್ನು ಒಂದರ ಕೆಳಗೊಂದನ್ನು ಬರೆದು ಸ್ಥಾನಸ್ಥಾನಕ್ಕೆ ನೋಡುವುದು, ಎರಡೂ ಸಮಾನವಾಗಿದ್ದರೆ ಲಘು, ಭಿನ್ನವಾಗಿದ್ದರೆ ಗುರು.

ಯಗಣವು ಲಘು, ಗುರು, ಗುರು. ರಗಣವು ಗುರು, ಲಘು, ಗುರು. ಕೂಡಿಸಿದರೆ ಗುರು, ಗುರು, ಲಘು, ಎಂದರೆ ತಗಣ. ಹೀಗೆ ಯಾವ ಎರಡನ್ನು ಕೂಡಿಸಿದರೂ ಎಂಟರಲ್ಲಿಯೇ ಒಂದು ಬರುತ್ತದೆ. ಸರ್ವಲಘುವಾದ ನಗಣವು ತಟಸ್ಥಾಂಶ. ಯಾವುದನ್ನಾದರೂ ಅದರೊಡನೆಯೇ ಕೂಡಿಸಿದರೆ ನಗಣವೇ ಬರುವುದರಿಂದ ಪ್ರತಿಯೊಂದು ಗಣವೂ ತನಗೆ ತಾನೇ ವಿಲೋಮ. ಸಮೂಹದ ಲಕ್ಷಣವೆಲ್ಲ ಇಲ್ಲಿ ಅನ್ವಯಿಸಿತು.

ಇನ್ನೂ ಒಂದು ಹೆಜ್ಜೆ ಮುಂದಿಡಬಹುದು. ಆದಿಗುರುವಾದ ಭಗಣ, ಮಧ್ಯಗುರುವಾದ ಜಗಣ, ಅಂತ್ಯಗುರುವಾದ ಸಗಣ, ಈ ಮೂರರಿಂದ ಉಳಿದುವೆಲ್ಲ ಹುಟ್ಟುತ್ತವೆ. ಭ, ಜ ಕೂಡಿ ತ. ಜ, ಸ ಕೂಡಿ ಯ. ಸ, ಭ ಕೂಡಿ ರ. ಮೂರೂ ಕೂಡಿ ಮ. ಈ ಮೂರರಲ್ಲಿ ಯಾವುದೂ ಉಳಿದೆರಡರಿಂದ ಹುಟ್ಟದು. ರೇಖಾತ್ಮಕ ಬೀಜಗಣಿತದಲ್ಲಿ ಇಂಥ ಗುಂಪಿಗೆ ಆಧಾರವೆನ್ನಬಹುದು. ಆಧಾರದಲ್ಲಿ ಮೂರಿರುವುದರಿಂದ ಈ ಆಕಾಶದ ಆಯಾಮವೂ ಮೂರು. ಲಕ್ಷಣಕಾರರು ಆದಿಮಧ್ಯಾಂತಗಳಲ್ಲಿ ಗುರುವುಳ್ಳವು, ಅಲ್ಲಿಯೇ ಲಘುವುಳ್ಳವು ಎಂದು ಗಣಗಳನ್ನು ವಿಂಗಡಿಸಿದ ಕ್ರಮವೇ ಇಲ್ಲಿ ಆಧಾರವನ್ನು ತೋರಿಸಿಕೊಡುತ್ತದೆ. ಇದಲ್ಲದೆ, ಸಮಸಂಖ್ಯೆಯ ಗುರುಗಳುಳ್ಳ ನ, ಯ, ರ, ತ ನಾಲ್ಕೂ ತಮ್ಮಲ್ಲಿಯೇ ಕೂಡಿಕೊಂಡು ಹೊರಗೆ ಹೋಗವು, ಅದು ಉಪಸಮೂಹ. ನಾಲ್ಕು ಎಂಟನ್ನು ಭಾಗಿಸುತ್ತದೆ. ಉಪಸಮೂಹದ ಸಂಖ್ಯೆಯು ಸಮೂಹದ ಸಂಖ್ಯೆಯನ್ನು ನಿಶ್ಶೇಷವಾಗಿ ಭಾಗಿಸಲೇಬೇಕೆಂಬ ಲಗ್ರಾಂಜನ ಪ್ರಮೇಯಕ್ಕೆ ಇದು ಉದಾಹರಣೆ.

ಇಲ್ಲಿ ಎರಡನೆಯ ಪೂರ್ವಪಕ್ಷವು ತಲೆಯೆತ್ತುವುದು: ಹಾಗಾದರೆ ಪಿಂಗಳನಿಗೆ ಸಮೂಹಶಾಸ್ತ್ರವು ತಿಳಿದಿತ್ತಲ್ಲವೆ? ಇಲ್ಲವೆಂದೇ ಉತ್ತರ. ಛಂದಃಶಾಸ್ತ್ರಕಾರರು ಪ್ರಸ್ತಾರವನ್ನು ಹಾಕಿದರು, ಭೇದಗಳನ್ನೆಣಿಸಿದರು, ಎಣಿಕೆಗೆ ಉಪಾಯಗಳನ್ನು ಕಂಡರು. ನಾಗವರ್ಮನು ಹೇಳುವ ಬ್ರಹ್ಮಗಣ, ವಿಷ್ಣುಗಣ, ರುದ್ರಗಣಗಳ ಭೇದಗಳು ಕ್ರಮವಾಗಿ ೪, ೮, ೧೬ ಆಗಿರುವುದು ಆ ಎಣಿಕೆಯ ಫಲ. ಆದರೆ ಗಣಕ್ಕೂ ಗಣಕ್ಕೂ ನಡುವೆ ಮೇಲೆ ಹೇಳಿದ ಕ್ರಿಯೆಯನ್ನು ಅವರು ಕಲ್ಪಿಸಲಿಲ್ಲ. ಅದರಿಂದ ಅವರಿಗೆ ಪ್ರಯೋಜನವೂ ಇರಲಿಲ್ಲ. ಪೂರ್ವಿಕರಿಗೆ ಅವರದ್ದಲ್ಲದ ಕೀರ್ತಿಯನ್ನು ಹೊರಿಸಿದರೆ ಅವರದ್ದೇ ಆದ ಕೀರ್ತಿ ಮಸುಳುತ್ತದೆ. ಅವರು ಬಿಟ್ಟುಹೋದುದು ಸಿದ್ಧಾಂತವನ್ನಲ್ಲ, ಸಿದ್ಧಾಂತವನ್ನು ಕಲಿಯಲು ಬೇಕಾದ ಸಾಮಗ್ರಿಯನ್ನು.

೬. ಸಂಖ್ಯೆ ಒಂದು, ರಚನೆ ಬೇರೆ

ಈ ಸೀಮೆಯ ಜಗಲಿಗಳಲ್ಲಿ ಚೌಕಾಬಾರದ ಮನೆಯನ್ನು ಬರೆದು ಆಡುವುದುಂಟು. ಆ ಚೌಕವನ್ನೆತ್ತಿ ಮತ್ತೆ ಅದರ ಸ್ಥಳದಲ್ಲಿಯೇ ಸರಿಯಾಗಿ ಕೂರುವಂತೆ ಇಡುವ ರೀತಿಗಳು ಎಂಟು: ತಿರುಗಿಸದೆ ಇಡುವುದೂ ಸೇರಿ ತಿರುಗಿಸುವ ಬಗೆ ನಾಲ್ಕು, ಮಗುಚುವ ಬಗೆ ನಾಲ್ಕು. ಒಂದಾದ ಮೇಲೊಂದನ್ನು ಮಾಡುವುದೇ ಕ್ರಿಯೆ. ಇದೂ ಸಮೂಹವೇ, ಎಂಟರದ್ದೇ. ಅಕ್ಷರಗಣಗಳ ಸಮೂಹವೂ ಇದೂ ಒಂದೇ ಎನ್ನಬಹುದೆ?

ಈಶಾನ್ಯದ ಮೂಲೆಯನ್ನು ಗಮನಿಸಬೇಕು. ಚೌಕವನ್ನು ಪ್ರದಕ್ಷಿಣವಾಗಿ ಕಾಲುಸುತ್ತು ತಿರುಗಿಸಿದರೆ ಆ ಮೂಲೆ ಆಗ್ನೇಯಕ್ಕೆ ಬರುತ್ತದೆ. ಆಮೇಲೆ ಪೂರ್ವಪಶ್ಚಿಮಗಳು ಅದಲುಬದಲಾಗುವಂತೆ ಮಗುಚಿದರೆ ನೈರುತ್ಯಕ್ಕೆ ಹೋಗುತ್ತದೆ. ಮೊದಲು ಮಗುಚಿದರೆ ಅದು ವಾಯವ್ಯಕ್ಕೆ ಹೋಗಿ, ಆಮೇಲೆ ತಿರುಗಿಸಿದಾಗ ಈಶಾನ್ಯಕ್ಕೇ ಮರಳುತ್ತದೆ. ಕ್ರಮ ಬದಲಾದರೆ ಫಲವೂ ಬದಲಾಯಿತು. ಅಕ್ಷರಗಣಗಳಲ್ಲಿ ಹೀಗಿಲ್ಲ. ಎರಡಕ್ಕೂ ಸಂಖ್ಯೆ ಎಂಟಾದರೂ ರಚನೆ ಬೇರೆ. ಮಾತ್ರೆಗಳ ಮೊತ್ತ ಸಮಾನವಾದ ಎರಡು ಪದ್ಯಗಳಿಗೆ ಗತಿ ಬೇರೆಯಾಗಿರುವಂತೆಯೇ ಇದು. ಎಣಿಕೆಯನ್ನು ದಾಟಿ ಗತಿಯನ್ನು ನೋಡುವುದು ಸಮೂಹಶಾಸ್ತ್ರದ ಜೀವಾಳ. ಲಯವನ್ನು ಬಲ್ಲ ಅಧ್ಯಾಪಕನಿಗೆ ಇದು ಹೊರಗಿನ ಮಾತಲ್ಲ.

೭. ರೇಖಾತ್ಮಕ ಪರಿವರ್ತನೆ

ರೇಖಾತ್ಮಕ ಪರಿವರ್ತನೆಯ ಲಕ್ಷಣವನ್ನು ಇಂಗ್ಲಿಷ್ ಪಠ್ಯಗಳು ಚಿಹ್ನೆಗಳಿಂದ ಬರೆಯುತ್ತವೆ. ಕನ್ನಡದಲ್ಲಿ ಅದನ್ನು ಹೀಗೆನ್ನಬಹುದು: ಕೂಡಿಸಿ ಕೊಂಡೊಯ್ದರೂ, ಕೊಂಡೊಯ್ದು ಕೂಡಿಸಿದರೂ ಫಲ ಒಂದೇ, ಗುಣಿಸಿ ಕೊಂಡೊಯ್ದರೂ, ಕೊಂಡೊಯ್ದು ಗುಣಿಸಿದರೂ ಫಲ ಒಂದೇ. ವಿಶ್ವೇಶ್ವರಯ್ಯ ನಾಲೆಯ ಬಯಲಿನಲ್ಲಿ ಇದಕ್ಕೆ ಲಕ್ಷ್ಯವನ್ನು ದೂರ ಹುಡುಕಬೇಕಾಗಿಲ್ಲ. ಮದ್ದೂರಿನ ಗದ್ದೆಯ ಕಬ್ಬನ್ನೂ ಮಳವಳ್ಳಿಯ ಗದ್ದೆಯ ಕಬ್ಬನ್ನೂ ಆಲೆಮನೆಯಲ್ಲಿ ಒಟ್ಟಿಗೆ ಅರೆದರೂ, ಬೇರೆಬೇರೆ ಅರೆದು ಹಾಲನ್ನು ಕೂಡಿಸಿದರೂ, ಸೋರಿಹೋದುದನ್ನು ಲೆಕ್ಕಿಸದಿದ್ದರೆ, ಕಬ್ಬಿನ ಹಾಲಿನ ಮೊತ್ತ ಒಂದೇ.

ಪರಿವರ್ತನೆಯಲ್ಲಿ ಕೆಲವು ಅಳಿಯುತ್ತವೆ, ಕೆಲವು ಉಳಿಯುತ್ತವೆ. ಮತ್ತೆ ಅಕ್ಷರಗಣಗಳನ್ನು ನೋಡಬಹುದು. ಪ್ರತಿಯೊಂದರ ಕಡೆಯ ಅಕ್ಷರವನ್ನು ಬಿಟ್ಟರೆ ಎಂಟು ಗಣಗಳು ನಾಲ್ಕು ದ್ವ್ಯಕ್ಷರರೂಪಗಳಾಗುತ್ತವೆ. ನ, ಸ ಎರಡೂ ಲಘುದ್ವಯವಾಗಿ, ಎಂದರೆ ಶೂನ್ಯವಾಗಿ, ಅಳಿಯುತ್ತವೆ. ಅಳಿದವುಗಳ ಆಯಾಮ ಒಂದು, ಉಳಿದವುಗಳ ಆಯಾಮ ಎರಡು. ಕೂಡಿದರೆ ಮೊದಲಿದ್ದ ಮೂರು. ಅಳಿದುದೂ ಉಳಿದುದೂ ಕೂಡಿ ಮೊದಲಿದ್ದಷ್ಟು ಎಂಬ ಈ ಪ್ರಮೇಯವು ಪದವಿತರಗತಿಯ ರೇಖಾತ್ಮಕ ಬೀಜಗಣಿತದ ಕೇಂದ್ರಗಳಲ್ಲೊಂದು. ಅದನ್ನು ಹೇಳಲು ಕನ್ನಡಕ್ಕೆ ಅಚ್ಚಗನ್ನಡದ ಕೆಲವು ಮಾತುಗಳೇ ಸಾಕಾದುವು.

೮. ನಿಗಮನ

ಇದರಿಂದ ಇಂಗ್ಲಿಷನ್ನು ತೊರೆಯಬೇಕೆಂದು ಯಾರೂ ತಿಳಿಯಬಾರದು. ಈ ಶಾಸ್ತ್ರಗಳ ಗ್ರಂಥರಾಶಿ ಆ ಭಾಷೆಯಲ್ಲಿದೆ. ಮೇಲಿನ ಸಂಶೋಧನೆಗೆ ಹೋಗುವವನಿಗೆ ಅದು ಅನಿವಾರ್ಯ. ಚಿಹ್ನೆಗಳೂ ಲೋಕಸಾಮಾನ್ಯವಾಗಿರುವುದೇ ಒಳ್ಳೆಯದು. ಹೇಳತಕ್ಕದ್ದಿಷ್ಟೆ: ಸೂತ್ರವು ಇಂಗ್ಲಿಷಿನಲ್ಲಿದ್ದರೂ ಟೀಕೆ ಕನ್ನಡದಲ್ಲಿರಲಿ. ಸಂಸ್ಕೃತಸೂತ್ರಗಳಿಗೆ ಕನ್ನಡಟೀಕೆಗಳನ್ನು ಬರೆದ ಪಂಡಿತ ಪರಂಪರೆಗೆ ಇದು ಅಪರಿಚಿತವಾದ ಕ್ರಮವಲ್ಲ.

ಅಂಥ ಟೀಕೆಯನ್ನು ವಿಮರ್ಶಿಸುವಾಗ ಪರಿಭಾಷೆಯ ಪಟ್ಟಿಯನ್ನು ಮಾತ್ರ ನೋಡಿ ತೀರ್ಪು ಕೊಡುವುದು ಸಲ್ಲದು. ಲಕ್ಷಣದಲ್ಲಿ ಅವ್ಯಾಪ್ತಿ, ಅತಿವ್ಯಾಪ್ತಿ, ಅಸಂಭವಗಳಿವೆಯೇ, ‘ಒಂದೇ’ ‘ಒಂದೊಂದು’ಗಳು ತಮ್ಮ ಸ್ಥಾನದಲ್ಲಿವೆಯೇ, ಉಪಪತ್ತಿಯ ಪ್ರತಿಯೊಂದು ‘ಆದುದರಿಂದ’ವೂ ಹಿಂದಿನ ವಾಕ್ಯದಿಂದ ನಿಜವಾಗಿ ಹೊರಡುತ್ತದೆಯೇ ಎಂದು ನೋಡಬೇಕು. ಈ ಪರೀಕ್ಷೆಗೆ ಗಣಿತಾಧ್ಯಾಪಕನೊಬ್ಬನೇ ಸಾಲನು, ಭಾಷಾಧ್ಯಾಪಕನೊಬ್ಬನೇ ಸಾಲನು. ಒಂದೇ ಕಾಲೇಜಿನ ಎರಡು ಕೊಠಡಿಗಳಲ್ಲಿ ಒಬ್ಬರು ಜಗಣವನ್ನೂ ಇನ್ನೊಬ್ಬರು ಉಪಸಮೂಹವನ್ನೂ ಬೋಧಿಸುತ್ತಿರುತ್ತಾರೆ. ನಡುವಣ ಗೋಡೆಯಾಚೆ ಏನು ನಡೆಯುತ್ತಿದೆಯೆಂಬುದನ್ನು ಇಬ್ಬರೂ ಒಮ್ಮೆ ವಿಚಾರಿಸಿಕೊಂಡರೆ, ಮಳವಳ್ಳಿಯ ಹಳ್ಳಿಯಿಂದ ಬಂದ ವಿದ್ಯಾರ್ಥಿನಿಗೆ ತಾನು ಬಲ್ಲ ಭಾಷೆಯಲ್ಲಿಯೇ ತಾನು ಕಲಿಯುತ್ತಿರುವ ಶಾಸ್ತ್ರವನ್ನು ಕುರಿತು ಪ್ರಶ್ನೆ ಕೇಳುವ ಶಕ್ತಿ ಬರುವುದು.